ಅಕ್ಕನ ಪ್ರೈಮರ್, ಅಜ್ಜಿಯ ಒಣ ಶೆಟ್ಲಿ

ಒಂದು ವಿಷಯ ಪೂರ್ತಿ ಗೊತ್ತಿದ್ದವರಿಗೆ ಅದನ್ನ ಹೇಳೋಕೆ ಬರೋದಿಲ್ಲ. ಇದು ನಾನು ಕಣ್ಣಾರೆ ಕಂಡದ್ದು. ಅವರು "ಹಂಗೂ ಹೇಳೋಕಾಗಲ್ಲ, ಹಿಂಗೂ ಹೇಳೋಕಾಗಲ್ಲ, ಇನ್ನೊಮ್ಮೆ ಪರೀಕ್ಷೆ ಮಾಡ್ಬೇಕು" ಅಂತ ರಾಗ ಎಳೀತಾರೆ. ಅರ್ಧ ಗೊತ್ತಿದ್ದವರಿಗೆ ಈ ಕಷ್ಟ ಇಲ್ಲ, ಮಾತು ಸಲೀಸಾಗಿ ಬರ್ತದೆ. ನಮ್ಮ ಮನೇಲಿ ಪೂರ್ತಿ ಗೊತ್ತಿದ್ದವಳು ಸುಜಾತಕ್ಕ. ಮಂಗಳೂರಲ್ಲಿ ಶೆಟ್ಲಿಗೆ ಬರೋ ರೋಗಗಳ ಮೇಲೆ ಸಂಶೋಧನೆ ಮಾಡ್ತಾಳೆ. (ಘಟ್ಟದ ಮೇಲಿನವರು ಸಿಗಡಿ ಅಂತಾರಲ್ಲ, ಅದೇ ನಮ್ಮ ಶೆಟ್ಲಿ.) ಅರ್ಧ ಗೊತ್ತಿದ್ದವಳು ನಾನು, ಅವಳ ತಂಗಿ, ಹೊನ್ನಾವರದಲ್ಲಿ ಪಿಯುಸಿ ಎರಡನೇ ವರ್ಷ. ಹಂಗಾಗಿ ಮನೆಗೆ ಬಂದವರಿಗೆ ವಿಜ್ಞಾನ ಹೇಳೋ ಕೆಲಸ ನನ್ನದು, ಅದನ್ನ ಆಮೇಲೆ ತಿದ್ದೋ ಕೆಲಸ ಅವಳದು. ಅವಳು ತಿದ್ದೋಕೆ ಶುರು ಮಾಡೋ ಹೊತ್ತಿಗೆ ಬಂದವರು ಚಾ ಕುಡಿದು ಎದ್ದಿರ್ತಾರೆ, ಅದು ನನ್ನ ತಪ್ಪಲ್ಲ.

ಈ ಕತೆಯಲ್ಲಿ ಚಿಕ್ಕಪ್ಪ ಮುಖ್ಯ. ಗಣಪತಿ ಚಿಕ್ಕಪ್ಪ ಮೀನುಗಾರರ ಮನೇಲಿ ಹುಟ್ಟಿದವನು. ಅವನ ಅಪ್ಪ ಬೋಟಲ್ಲಿ, ಅಣ್ಣ (ಅಂದ್ರೆ ನನ್ನ ಅಪ್ಪ) ಭಟ್ಕಳದಲ್ಲಿ ಬೋಟಲ್ಲಿ, ಸೋದರಮಾವಂದಿರು ಬೋಟಲ್ಲಿ. ಚಿಕ್ಕಪ್ಪನಿಗೆ ಮಾತ್ರ ಬೋಟು ದಡ ಬಿಟ್ಟ ಕೂಡಲೇ ವಾಂತಿ. ಸಣ್ಣ ವಾಂತಿ ಅಲ್ಲ. ಅವನು ಬೋಟಿಗೆ ಹತ್ತಿದ ದಿನ ಸುತ್ತಮುತ್ತ ಬಂಗಡೆ ಮೀನು ಜಾಸ್ತಿ ಸೇರ್ತಿತ್ತು ಅಂತ ಅಪ್ಪ ಹೇಳ್ತಾರೆ. ವರ್ಷಗಟ್ಟಲೆ ಹಂಗೇ ದುಡಿದು, ಕಡೆಗೆ ಬೋಟಿಗೆ ಕೈ ಮುಗಿದು, ಹೊಳೆ ಬದಿಯ ಗಜನಿಯಲ್ಲಿ ಶೆಟ್ಲಿ ಕೆರೆ ಮಾಡಿದ. ಗಜನಿ ಅಂದ್ರೆ ಸಮುದ್ರದ ಭರತಿ ನೀರು ಒಳಗೆ ಬರೋ ತಗ್ಗು ಗದ್ದೆ. ಅಲ್ಲಿ ನೀರು ಅಲ್ಲಾಡೋದಿಲ್ಲ, ಹೊಟ್ಟೆಯೂ ಅಲ್ಲಾಡೋದಿಲ್ಲ. ಆದ್ರೆ ಮೊದಲನೇ ವರ್ಷವೇ ಬಿಳಿ ಚುಕ್ಕೆ ರೋಗ ಬಂತು. ಶೆಟ್ಲಿ ಚಿಪ್ಪಿನ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಚುಕ್ಕೆ. ಎಲ್ಲಾ ದಡಕ್ಕೆ ಬಂದು ಸತ್ತು ಬಿದ್ದವು. ಊರಿನ ಕಾಗೆಗಳೆಲ್ಲ ನಮ್ಮ ಕೆರೆ ಮೇಲೆ. ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತು ಕೂತಾಗ ಅಜ್ಜಿ ಮಾತ್ರ ಬುಟ್ಟಿ ತಕಂಡು ಹೋಗಿ ಆರಿಸಿ ತಂದು, ಉಪ್ಪು ಹಾಕಿ ಚಾಪೆ ಮೇಲೆ ಒಣಗಿಸಿದ್ಲು. "ತಿನ್ನೋ ವಸ್ತು ಬಿಸಾಕಿದ್ರೆ ಸಮುದ್ರ ಮುನೀತದೆ" ಅಂತ ಅವಳ ಕಾಯ್ದೆ. ಆ ರೋಗ ಮನುಷ್ಯರಿಗೆ ಬರೋದಿಲ್ಲ ಅಂತ ಅಕ್ಕ ಫೋನಲ್ಲಿ ಹೇಳಿದ್ಲು. ಅಜ್ಜಿ ಕೇಳಿರಲಿಲ್ಲ, ಆದ್ರೂ ಹೇಳಿದ್ಲು.

ಈ ವರ್ಷ ಚಿಕ್ಕಪ್ಪ ಒಂದೇ ಮಾತು ಹೇಳಿದ. "ಇದೊಂದು ಸಲ ನೋಡ್ತೆ. ಮರಿ ಚೊಲೋ ಸಿಕ್ತು ಅಂದ್ರೆ ಕೆರೆ. ಇಲ್ದಿದ್ರೆ ಭಟ್ಕಳಕ್ಕೆ ಹೋಗಿ ಅಣ್ಣನ ಬೋಟು." ಬೋಟು ಅನ್ನೋವಾಗಲೇ ಅವನ ಕೈ ಹೊಟ್ಟೆ ಮೇಲೆ ಹೋಯ್ತು.

ಶೆಟ್ಲಿ ಮರಿ ಬರೋದು ಕುಮಟಾ ಕಡೆಯ ಒಂದು ಮರಿ ಕೇಂದ್ರದಿಂದ. ಕಣ್ಣಿಗೆ ರೆಪ್ಪೆಕೂದಲಿನ ಹಾಗೆ ಕಾಣ್ತಾವೆ. ರೋಗ ಇದ್ಯಾ ಇಲ್ವಾ ಅಂತ ನೋಡಿದ್ರೆ ಗೊತ್ತಾಗಲ್ಲ. ಅಲ್ಲೇ ಬದಿಗೆ ಒಂದು ಪರೀಕ್ಷೆ ಕೋಣೆ ತೆರೆದಿದ್ರು, ಒಬ್ಬರು ಮೇಡಂ ನೋಡ್ಕಳ್ತಿದ್ರು. ಅವರಿಗೆ ಸಹಾಯ ಮಾಡೋಕೆ ಅಕ್ಕನ ಸರ್ ಅವಳನ್ನ ಮಂಗಳೂರಿಂದ ಕಳಿಸಿದ್ರು. ಅಕ್ಕ ಮನೇಲೇ ಉಳಿದು ದಿನಾ ಬೆಳಿಗ್ಗೆ ಕುಮಟೆಗೆ ಹೋಗಿ ಸಂಜೆ ಬರೋದು ಅಂತ ಆಯ್ತು. ಮೇಡಂ ಕೋಣೆಯ ಫ್ರಿಜ್ಜು ಕೆಟ್ಟು ಕೂತಿತ್ತು. ಅದಕ್ಕೆ ಅಕ್ಕನ ಪ್ರೈಮರ್ ನಮ್ಮ ಫ್ರಿಜ್ಜಿಗೆ ಬಂತು.

ನಮ್ಮ ಫ್ರಿಜ್ಜಿನ ಬಗ್ಗೆ ಸ್ವಲ್ಪ ಹೇಳ್ಬೇಕು. ಅದು ಇರೋದು ಅಡುಗೆಮನೇಲಿ ಅಲ್ಲ, ಜಗಲಿಯಲ್ಲಿ, ಟೀವಿ ಪಕ್ಕ. ಮೇಲೆ ಆಯಿ (ಅಂದ್ರೆ ನಮ್ಮಮ್ಮ) ಹೆಣೆದ ಲೇಸು, ಅದರ ಮೇಲೆ ಪ್ಲಾಸ್ಟಿಕ್ ಗುಲಾಬಿ. ಬಂದವರ ಎದುರು ಆಯಿ ಅದರ ಬಾಗಿಲು ತೆಗೆಯೋ ರೀತಿ ನೋಡಿದ್ರೆ ಗರ್ಭಗುಡಿ ಬಾಗಿಲು ನೆನಪಾಗ್ತದೆ. ಅಂಥ ಫ್ರಿಜ್ಜಿನ ಐಸು ಖಾನೆಯಲ್ಲಿ, ಬಂಗಡೆ ಡಬ್ಬಿ ಹೊರಗೆ ಹಾಕಿಸಿ, ಅಕ್ಕ ಎರಡು ಪುಟ್ಟ ಸೀಸೆ ಇಟ್ಲು. ಸೀಸೆ ಅಂದ್ರೆ ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಒಳಗೆ ಒಂದು ಹನಿ ನೀರು.

"ಎಂತದೆ ಇದು? ಕಣ್ಣಿನ ಔಷಧನಾ?" ಅಂತ ಅಜ್ಜಿ.

"ಪ್ರೈಮರ್ ಅಜ್ಜಿ. ಡಿಎನ್‌ಎದ ಸಣ್ಣ ತುಂಡು."

"ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಖಾನೆ ಬೇಕಾ?"

ಇಲ್ಲಿ ನಾನು ಬಾಯಿ ಹಾಕಿದೆ. ಅಕ್ಕ ಶುರು ಮಾಡಿದ್ರೆ "ಪೂರಕ ಸರಣಿ" ಅಂತ ಹೊರಟು ಎಲ್ಲರನ್ನೂ ಮಲಗಿಸ್ತಿದ್ಲು. ನಾನು ಜಗಲಿ ಮಧ್ಯೆ ನಿಂತು ರಂಪಣಿ ಬಲೆಯಿಂದ ಶುರು ಮಾಡಿದೆ. ಕಡಲ ಬದಿಯ ಯಾರಿಗೂ ರಂಪಣಿ ಹೇಳಿಕೊಡಬೇಕಾಗಿಲ್ಲ. ದೋಣಿ ದೊಡ್ಡ ಬಲೆಯನ್ನ ಅರ್ಧಚಂದ್ರ ಬಿಟ್ಟು ಬರ್ತದೆ, ದಡದಲ್ಲಿ ಈ ತುದಿಗೆ ಒಂದು ತಂಡ, ಆ ತುದಿಗೆ ಒಂದು ತಂಡ. ಎರಡು ಹಗ್ಗದ ನಡುವೆ ಇದ್ದದ್ದು ಮಾತ್ರ ದಡಕ್ಕೆ ಬರ್ತದೆ. ಮಿಕ್ಕ ಸಮುದ್ರ ಅಲ್ಲೇ ಇರ್ತದೆ. "ಎರಡು ಸೀಸೆ ಯಾಕೆ ಅಂದ್ರೆ ಅದಕ್ಕೇ," ಅಂದೆ. "ಇದು ಈ ತುದಿ ಹಿಡಿಯೋ ಪ್ರೈಮರ್, ಅದು ಆ ತುದಿ ಹಿಡಿಯೋ ಪ್ರೈಮರ್. ರೋಗದ ವೈರಸ್ಸಿನ ಡಿಎನ್‌ಎ ಸಮುದ್ರದಷ್ಟು ಉದ್ದ. ಅದರಲ್ಲಿ ಇವೆರಡು ತಮ್ಮ ತಮ್ಮ ಜಾಗ ಹುಡುಕಿ ಅಂಟ್ಕಳ್ತಾವೆ. ನಡುವಿನ ತುಂಡು ಮಾತ್ರ ನಕಲಾಗ್ತದೆ. ಒಂದು ಇದ್ದದ್ದು ಎರಡು, ಎರಡು ನಾಲ್ಕು, ನಾಲ್ಕು ಎಂಟು…"

"ತಡಿ ತಡಿ," ಅಂದ್ಲು ಅಜ್ಜಿ. "ಎಳೆದ ಹಾಗೆ ಮೀನು ಎರಡೆರಡಾಗ್ತದಾ?"

"ಹೌದು!"

"ಅಂಥ ಬಲೆ ಇದ್ರೆ ನಿಮ್ಮಪ್ಪ ಭಟ್ಕಳದಲ್ಲಿ ಎಂತಕ್ಕೆ ಬಿಸಿಲಲ್ಲಿ ಸಾಯ್ತಾ ಇದ್ದ?"

ಅಕ್ಕ ನಗು ತಡ್ಕಂಡು, ರಂಪಣಿ ಪರವಾಗಿಲ್ಲ ಆದ್ರೆ ನೀ ಒಂದು ಮಾತು ಬಿಟ್ಟೆ ಅಂದ್ಲು. ನಕಲು ಮಾಡೋ ಕೆಲಸ ಒಂದು ಕಿಣ್ವದ್ದಂತೆ. ಅದು ಮಹಾ ಚುರುಕು, ಆದ್ರೆ ತಾನಾಗಿ ಶುರು ಮಾಡೋಕೆ ಬರೋದಿಲ್ಲ. ಯಾರಾದ್ರೂ ಮೊದಲ ತುಂಡು ಹಾಕಿ ಕೊಟ್ರೆ ಅದಕ್ಕೆ ಜೋಡಿಸ್ತಾ ಹೋಗ್ತದೆ, ಇಲ್ಲಾಂದ್ರೆ ಸುಮ್ನೆ ನಿಂತಿರ್ತದೆ. ಆ ಮೊದಲ ತುಂಡೇ ಪ್ರೈಮರ್. ಚಿಕ್ಕಪ್ಪ ಕೂಡ್ಲೇ, "ದೋಣಿ ದೂಡೋವಾಗ ಒಬ್ಬ 'ಐಸಾ' ಅನ್ನೋ ತನಕ ಎಲ್ಲಾ ದೋಣಿಗೆ ಹೆಗಲು ಕೊಟ್ಟು ಬೀಡಿ ಸೇದ್ತಾ ನಿಂತಿರ್ತಾರಲ್ಲ, ಹಂಗೆ" ಅಂದ. ಆ ಹೋಲಿಕೆ ನಂಗೆ ಹೊಳೀಲಿಲ್ಲವಲ್ಲ ಅಂತ ನಂಗೆ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಅದನ್ನ ನನ್ನದೇ ಅಂತ ಕಾಲೇಜಲ್ಲಿ ಹೇಳಿದೆ.

ಆ ವಾರ ನಮ್ಮ ಮನೆ ಮ್ಯೂಸಿಯಂ ಆಗಿತ್ತು. ಅಕ್ಕಪಕ್ಕದವರಿಗೆ, ಐಸು ಕೇಳೋಕೆ ಬಂದವರಿಗೆ, ಗ್ಯಾಸ್ ತಂದವನಿಗೆ, ಎಲ್ಲರಿಗೂ ನಾನು ಫ್ರಿಜ್ಜು ತೆಗೆದು ದರ್ಶನ ಮಾಡಿಸಿದೆ. ಸೀಸೆ ಮುಟ್ಟಿದ್ರೆ ಕೈ ಮುರೀತೇನೆ ಅಂತ ಅಕ್ಕ ಹೇಳಿದ್ರಿಂದ ದೂರದಿಂದಲೇ ಬೆರಳು ತೋರ್ಸಿ ಹೇಳ್ತಿದ್ದೆ. ಪಕ್ಕದ ಮನೆ ಲಲಿತಕ್ಕ ಬಗ್ಗಿ ನೋಡಿ, "ಕಾಣ್ತಾ ಇಲ್ವಲೇ" ಅಂದ್ಲು. "ಕಾಣೋದಿಲ್ಲ ಲಲಿತಕ್ಕ, ಅದೇ ಅದರ ಮಹಿಮೆ" ಅಂದೆ. ಅವಳು ಕೈ ಮುಗಿದು ಐಸು ತಕಂಡು ಹೋದ್ಲು.

ದಿನಾ ಬೆಳಿಗ್ಗೆ ಅಕ್ಕ ಆ ಸೀಸೆಗಳನ್ನ ಐಸಿನ ಜೊತೆ ಒಂದು ಥರ್ಮೊಕೋಲ್ ಡಬ್ಬಿಯಲ್ಲಿಟ್ಟು ಕುಮಟೆಗೆ ಒಯ್ಯೋದು, ಸಂಜೆ ವಾಪಸ್ ತರೋದು. ಡಬ್ಬಿ ಮೇಡಂದು. ತಳದಲ್ಲಿ ಹಳೇ ಪೇಪರ್ ಹಾಸಿತ್ತು. ಮೊದಲ ಕೆಲವು ದಿನ ಮೇಡಂ ಮತ್ತೆ ಅಕ್ಕ ಮಷೀನು ಸರಿ ಮಾಡೋದ್ರಲ್ಲೇ ಕಳೆದ್ರು. ಕಡೆಗೆ ಚಿಕ್ಕಪ್ಪನಿಗೆ ಅಂತ ಮೀಸಲಿಟ್ಟ ತೊಟ್ಟಿಯ ಮರಿ ಪರೀಕ್ಷೆ ಮಾಡೋ ದಿನ ಬಂತು. ಅಮಾಸೆ ಹತ್ರ ಬಂದಿತ್ತು. ಅಮಾಸೆಯ ದೊಡ್ಡ ಭರತಿಗೆ ಗಜನಿಯ ಬಾಗಿಲು ತೆಗೆದು ನೀರು ತುಂಬಿಸ್ಬೇಕು, ನೀರು ತುಂಬಿದ ಮೇಲೆ ಮರಿ ಬಿಡ್ಬೇಕು. ಅದು ತಪ್ಪಿದ್ರೆ ಮರಿ ಕೇಂದ್ರದವರು ಬೇರೆಯವರಿಗೆ ಕೊಟ್ಟುಬಿಡ್ತಾರೆ.

ನಾನು ಕಾಲೇಜಿಗೆ ಹೊಟ್ಟೆನೋವು ಅಂತ ಹೇಳಿ ಅಕ್ಕನ ಜೊತೆ ಹೋದೆ. ಪರೀಕ್ಷೆ ಕೋಣೆ ನೋಡಿ ನಂಗೆ ನಿರಾಸೆ ಆಯ್ತು. ಹೊಗೆ ಇಲ್ಲ, ಬಣ್ಣದ ನೀರು ಕುದಿಯೋದಿಲ್ಲ. ಟೈಪ್‌ರೈಟರಿನಷ್ಟು ದೊಡ್ಡ ಒಂದು ಮಷೀನು. ಅಕ್ಕ ಮರಿ ಅರೆದು, ಅದರ ಡಿಎನ್‌ಎಗೆ ಪ್ರೈಮರ್ ಸೇರಿಸಿ, ಕೊಳವೆಗಳನ್ನ ಅದರೊಳಗೆ ಇಟ್ಟು ಮುಚ್ಚಳ ಹಾಕಿದ್ಲು. ಅದು ಬಿಸಿ ಆಗ್ತದೆ, ತಣ್ಣಗಾಗ್ತದೆ, ಮತ್ತೆ ಬಿಸಿ. ಜ್ವರ ಬಂದವರ ಹಾಗೆ. ಗಂಟೆಗಟ್ಟಲೆ ಕಾಯ್ಬೇಕು. ಚಿಕ್ಕಪ್ಪ ಹೊರಗೆ ಗೇರುಮರದ ಕೆಳಗೆ ಕೂತು, ಎದ್ದು, ಮತ್ತೆ ಕೂತು, ಅವನೂ ಒಂದು ಮಷೀನೇ ಆಗಿದ್ದ. ಆಮೇಲೆ ಅಕ್ಕ ಒಂದೊಂದು ಕೊಳವೆಯ ನೀರನ್ನ ಹಲ್ವಾದ ಹಾಗಿನ ಒಂದು ಬಿಲ್ಲೆಯ ಒಂದೊಂದು ತೂತಿಗೆ ಬಿಟ್ಟು ಕರೆಂಟು ಕೊಟ್ಲು, ಒಂದು ಕೊಳವೆಗೆ ಒಂದು ಸಾಲು. ಆ ಹಲ್ವಾ ಸಮುದ್ರದ ಪಾಚಿಯಿಂದ ಮಾಡಿದ್ದಂತೆ. ಎಷ್ಟು ಓದಿದ್ರೂ ಕಡೆಗೆ ಸಮುದ್ರಕ್ಕೇ ಬರ್ಬೇಕು ನೋಡಿ. ಕಡೆಗೆ ನೇರಳೆ ಬೆಳಕಲ್ಲಿ ಇಟ್ರೆ, ರೋಗ ಇದ್ದ ಸಾಲಲ್ಲಿ ಒಂದು ಪಟ್ಟೆ ಮಿಂಚ್ತದೆ. ಇಲ್ಲದ ಸಾಲು ಕಪ್ಪಗಿರ್ತದೆ.

ಬೆಳಕು ಹಾಕಿದ್ಲು. ಎಲ್ಲಾ ಸಾಲೂ ಮಿಂಚಿತು.

ಅಕ್ಕ ಇನ್ನೂ ಕನ್ನಡಕ ಸರಿ ಮಾಡ್ಕಳ್ತಿದ್ಲು, ನಾನು ಆಗಲೇ ಗೇರುಮರದ ಹತ್ರ ಇದ್ದೆ. "ಚಿಕ್ಕಪ್ಪ, ರೋಗ! ದೀಪಾವಳಿ ಹಂಗೆ ಮಿಂಚ್ತಾ ಉಂಟು!" ದೊಡ್ಡ ಸುದ್ದಿಯನ್ನ ಮೊದಲು ಹೇಳೋದ್ರಲ್ಲಿ ಒಂದು ಖುಷಿ ಇರ್ತದಲ್ಲ, ಅದು ಅವನ ಮುಖ ನೋಡೋ ತನಕ ಇತ್ತು. ಅವನು ನಲ್ಲಿ ಹತ್ರ ಹೋಗಿ ಮುಖ ತೊಳ್ಕಂಡ. ಆಮೇಲೆ, "ಆತು ಬಿಡು. ಅಣ್ಣನಿಗೆ ಫೋನು ಮಾಡ್ತೆ. ಭಟ್ಕಳದ ಬಸ್ಸು ಎಷ್ಟೊತ್ತಿಗೆ?" ಅಂದ. ನಂಗೆ ಹೊಟ್ಟೆಯಲ್ಲಿ ನಿಜವಾಗಿ ನೋವು ಬಂತು.

ಅಷ್ಟೊತ್ತಿಗೆ ಅಕ್ಕ ಓಡಿ ಬಂದ್ಲು. "ಎಲ್ಲಿಗೂ ಹೋಗ್ಬೇಡ ಚಿಕ್ಕಪ್ಪ. ಏ ರೇಡಿಯೋ, ನೀ ಬಾಯಿ ಮುಚ್ಚು! ನೀರಿನ ಸಾಲೂ ಮಿಂಚಿದೆ."

"ಅಂದ್ರೆ?"

ಅವಳು ಹೇಳಿದ್ದು ಇಷ್ಟು. ಪ್ರತಿ ಸಲ ಒಂದು ಕೊಳವೆಯಲ್ಲಿ ಮರಿ ಹಾಕೋದೇ ಇಲ್ಲ. ಬರೀ ಶುದ್ಧ ನೀರು, ಅದಕ್ಕೆ ಪ್ರೈಮರ್. ಆ ಸಾಲು ಕಪ್ಪಗೇ ಇರ್ಬೇಕು. ಅದೂ ಮಿಂಚಿತು ಅಂದ್ರೆ ರೋಗ ಮರಿಯಿಂದ ಬಂದದ್ದೋ, ನಮ್ಮ ಕೈಯಿಂದ ಬಂದದ್ದೋ ಹೇಳೋಕಾಗಲ್ಲ. ವೈರಸ್ಸಿನ ಡಿಎನ್‌ಎ ಧೂಳಿನಷ್ಟು ಎಲ್ಲೋ ಸೇರಿದೆ, ಪ್ರೈಮರ್ ಅದನ್ನೂ ಹುಡುಕಿ ಹಿಡಿದಿದೆ. ಹೊಸ ಕೊಳವೆ, ಹೊಸ ನೀರು ತಕಂಡು ಮರುದಿನ ಮತ್ತೆ ಮಾಡಿದ್ಲು. ನೀರು ಮತ್ತೆ ಮಿಂಚಿತು.

ಸಂಜೆ ಮನೇಲಿ ವಿಚಾರಣೆ. ಮೊದಲ ಆರೋಪಿ ನಾನು. ಎರಡನೇ ಆರೋಪಿ ಇರಲಿಲ್ಲ.

"ಸೀಸೆ ತೆಗೆದ್ಯಾ?"

"ಇಲ್ಲ."

"ಸುಳ್ಳು."

"ದೇವರಾಣೆ ಇಲ್ಲ!"

"ಮತ್ತೆ ಲಲಿತಕ್ಕನಿಗೆ ಎಂತ ತೋರ್ಸಿದೆ?"

"ಖಾನೆ ತೋರ್ಸಿದೆ!"

ಹುಟ್ಟಿದ ಮೇಲೆ ನಾನು ಪೂರ್ತಿ ಸತ್ಯ ಹೇಳಿದ ಮೊದಲ ದಿನ ಅದು, ಯಾರೂ ನಂಬಲಿಲ್ಲ. ಆಯಿ ಕೂಡ ಕೆಕ್ಕರಿಸಿ ನೋಡಿದ್ಲು. ಅಕ್ಕನ ಕಣ್ಣಲ್ಲಿ ನೀರು. ಚಿಕ್ಕಪ್ಪ ಬಾಗಿಲ ಹತ್ರ ಬ್ಯಾಗಿಗೆ ಲುಂಗಿ ತುಂಬ್ತಾ ಇದ್ದ. ಅಷ್ಟೊತ್ತಿಗೆ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ತನ್ನ ದುಃಖ ತೆಗೆದ್ಲು.

"ಅಲ್ಲ ಸುಜಾತಾ, ನಿನ್ನ ಆ ಮೇಡಂ ಎಂಥಾ ಹೆಂಗಸೆ? ದಿನಾ ಶೆಟ್ಲಿ ಕಳಿಸ್ತೆ, ಹೆಂಗಿತ್ತು ಅಂತ ಒಂದು ಮಾತು ಹೇಳಿ ಕಳಿಸಲಿಲ್ಲವಲ್ಲ."

ಅಕ್ಕ ಮೆಲ್ಲಗೆ ತಿರುಗಿದ್ಲು. "ಯಾವ ಶೆಟ್ಲಿ ಅಜ್ಜಿ?"

"ಒಣ ಶೆಟ್ಲಿ. ಡಬ್ಬಿಯಲ್ಲಿ."

"ಯಾವ… ಡಬ್ಬಿಯಲ್ಲಿ?"

ನಮ್ಮ ಕಡೆ ಒಂದು ರೂಢಿ ಉಂಟು. ಬೇರೆ ಮನೆಯ ಪಾತ್ರೆ ನಮ್ಮ ಮನೆಗೆ ಬಂದ್ರೆ ಅದನ್ನ ಖಾಲಿ ವಾಪಸ್ ಕಳಿಸೋ ಹಾಗಿಲ್ಲ. ಲಲಿತಕ್ಕ ಪಾಯಸ ಕೊಟ್ಟ ತಟ್ಟೆ ಮೂರು ಬಂಗಡೆ ಹೊತ್ತು ಹೋಗ್ತದೆ, ಬಂಗಡೆ ಹೋದ ತಟ್ಟೆ ನುಗ್ಗೆಕಾಯಿ ಹೊತ್ತು ಬರ್ತದೆ. ಎರಡು ಮನೆಗೂ ಆ ತಟ್ಟೆ ಯಾರದ್ದು ಅಂತ ಈಗ ನೆನಪಿಲ್ಲ. ಮೇಡಂ ಡಬ್ಬಿ ದಿನಾ ಸಂಜೆ ನಮ್ಮ ಮನೆಗೆ ಬರ್ತಿತ್ತು, ಬೆಳಿಗ್ಗೆ ವಾಪಸ್ ಹೋಗ್ತಿತ್ತು. ಅಜ್ಜಿ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಐಸಿನ ನೀರು ತಾಗಬಾರದು ಅಂತ ಪೇಪರಿನ ಅಡಿಗೆ ಒಂದೊಂದು ಮುಷ್ಟಿ ಹಾಕ್ತಿದ್ಲು. ಅಕ್ಕ ಡಬ್ಬಿ ತಂದು ಪೇಪರ್ ಎತ್ತಿದ್ಲು. ತಳದಲ್ಲಿ ಶೆಟ್ಲಿಯ ಹಾಸಿಗೆ! "ಐಸು ಕಮ್ಮಿ ಹಿಡೀತಾ ಉಂಟಲ್ಲ ಅಂದ್ಕಂಡಿದ್ದೆ" ಅಂದ್ಲು ಪಾಪ. ವಾಸನೆ ಬರಲಿಲ್ವಾ ಅಂತ ನೀವು ಕೇಳ್ಬಹುದು. ನಮ್ಮ ಮನೇಲಿ ಒಣಮೀನಿನ ವಾಸನೆ ಬಂದ್ರೆ ಯಾರಿಗೂ ಅನುಮಾನ ಬರಲ್ಲ, ಬರದಿದ್ರೆ ಬರ್ತದೆ.

"ಯಾವ ಶೆಟ್ಲಿ ಇದು? ಪೇಟೆಯದ್ದಾ?" ಅಕ್ಕನ ದನಿ ಸಣ್ಣಗಾಗಿತ್ತು.

"ಪೇಟೆಯದ್ದು ಯಾರಿಗೆ ಬೇಕು? ನಮ್ಮ ಗಣಪತಿ ಕೆರೆಯದ್ದು. ಹೋದ ವರ್ಷದ್ದು."

ಚಿಕ್ಕಪ್ಪನ ಕೈಯಿಂದ ಲುಂಗಿ ಬಿತ್ತು. ಅಂದ್ರೆ ಬಿಳಿ ಚುಕ್ಕೆ ಬಂದು ಸತ್ತ ಶೆಟ್ಲಿ! ಅದರ ಪುಡಿ ಡಬ್ಬಿಗೆ, ಡಬ್ಬಿಯಿಂದ ಸೀಸೆಗೆ, ಸೀಸೆಯಿಂದ ಅಕ್ಕನ ಕೈಗವಸಿಗೆ, ಅಲ್ಲಿಂದ ಎಲ್ಲಾ ಕೊಳವೆಗೆ. ಅಕ್ಕ ತಲೆ ಹಿಡ್ಕಂಡು ನೆಲದ ಮೇಲೆ ಕೂತ್ಲು. ಅಳ್ತಾಳೆ ಅಂದ್ಕಂಡ್ರೆ ಹೊಟ್ಟೆ ಹಿಡ್ಕಂಡು ನಗ್ತಾ ಇದ್ಲು.

ಅಜ್ಜಿ ಸೋಲಲಿಲ್ಲ. "ಪರರ ಡಬ್ಬಿ ಖಾಲಿ ಕಳಿಸ್ಬೇಕಿತ್ತಾ?"

"ಖಾಲಿ ಇರ್ಲಿಲ್ಲ ಅಜ್ಜಿ, ಪ್ರೈಮರ್ ಇತ್ತು!"

"ಒಂದು ಹನಿ ನೀರು! ಅದಕ್ಕೆ ತುಂಬಿದ ಡಬ್ಬಿ ಅಂತಾರಾ? ಮೇಡಂ ಎಂತ ತಿಳ್ಕಂಬೇಕು ನಮ್ಮ ಮನೆ ಬಗ್ಗೆ?"

ನಾನು ಮಾತ್ರ ಒಂದು ಒಣ ಶೆಟ್ಲಿ ಕೈಯಲ್ಲಿ ಹಿಡ್ಕಂಡು ನೋಡ್ತಾ ಕೂತೆ. ಇಲ್ಲಿ ಒಂದು ನಿಮಿಷ ನಗಿಸೋದು ಬಿಡ್ತೇನೆ. ಸತ್ತು ಒಂದು ವರ್ಷ ಆಗಿದೆ. ಉಪ್ಪು ಹಾಕಿ, ಬಿಸಿಲಲ್ಲಿ ಸುಟ್ಟು, ಕರಟದ ಹಾಗೆ ಒಣಗಿದೆ. ಅದರ ರೋಗವೂ ಸತ್ತಿದೆ, ಇನ್ಯಾರಿಗೂ ತಾಗೋ ಶಕ್ತಿ ಅದಕ್ಕೆ ಇರಲಿಕ್ಕಿಲ್ಲ ಅಂತ ಅಕ್ಕ ಅಂದ್ಲು. ಆದ್ರೂ ಅದರೊಳಗೆ ಆ ವೈರಸ್ಸಿನ ಬರಹದ ಒಂದು ಚೂರು ಉಳಿದಿದೆ. ಮೂಗಿಗೆ ಸಿಗದ, ಕಣ್ಣಿಗೆ ಸಿಗದ ಆ ಚೂರನ್ನ, ಸೀಸೆಯ ಒಂದು ಹನಿಯಲ್ಲಿದ್ದ ಪ್ರೈಮರ್ ಹೋಗಿ ತಬ್ಬಿ, "ಇಲ್ಲಿಂದ ಬರಿ" ಅಂತ ತೋರ್ಸಿಕೊಟ್ಟಿದೆ. ತಪ್ಪು ಜಾಗಕ್ಕೆ ಅಂಟಲಿಲ್ಲ, ನಮ್ಮ ಉಪ್ಪಿಗೆ, ಅಜ್ಜಿಯ ಬೆವರಿಗೆ, ಪೇಪರಿನ ಮಸಿಗೆ ಅಂಟಲಿಲ್ಲ. ಕೆಲಸ ಕೆಡಿಸಿತು ಅಂತ ನಾವು ಅಂದ್ಕಂಡ ಪ್ರೈಮರ್ ಅಸಲಿಗೆ ತನ್ನ ಕೆಲಸವನ್ನ ನಮಗಿಂತ ಚೊಲೋ ಮಾಡಿತ್ತು. ಅಲ್ಲಿ ತನಕ ನಾನು ಪ್ರೈಮರ್ ಬಗ್ಗೆ ಎಷ್ಟೋ ಮಾತಾಡಿದ್ದೆ, ಆಶ್ಚರ್ಯ ಪಟ್ಟದ್ದು ಅವತ್ತೇ.

ಮುಂದಿನದ್ದು ಓಡಾಟ. ಅಕ್ಕ ಸರ್‌ಗೆ ಫೋನು ಮಾಡಿ ನಡೆದದ್ದು ಹೇಳಿದ್ಲು. ಆ ಕಡೆಯಿಂದ ಸರ್ ನಗೋದು ನಮ್ಮ ಜಗಲಿಗೇ ಕೇಳಿತು. ಮುಟ್ಟದ ಹೊಸ ಪ್ರೈಮರ್ ಸೀಸೆಗಳನ್ನ ಮರುದಿನವೇ ರೈಲಲ್ಲಿ ಕುಮಟೆಗೆ ಬರೋ ಒಬ್ಬರ ಕೈಯಲ್ಲಿ ಕಳಿಸಿದ್ರು. ಈ ಸಲ ಸೀಸೆ ನಮ್ಮ ಮನೆ ಹೊಸ್ತಿಲು ದಾಟಲಿಲ್ಲ, ಸ್ಟೇಶನ್ನಿಂದ ನೆಟ್ಟಗೆ ಪರೀಕ್ಷೆ ಕೋಣೆಗೆ. ಅಕ್ಕ ತಲೆಗೆ ಸ್ನಾನ ಮಾಡಿ, ಹೊಸ ಕೈಗವಸು ಹಾಕಿ, ಹೋದ ಸಲದ ಪೆನ್ನನ್ನೂ ಬಿಟ್ಟು ಹೋದ್ಲು. ನನ್ನನ್ನ ಕೋಣೆ ಒಳಗೆ ಬಿಟ್ಟದ್ದು ಒಂದು ಷರತ್ತಿನ ಮೇಲೆ, ಬೆಳಕು ಹಾಕಿದ ಮೇಲೆ ಅವಳು ಹೇಳೋ ತನಕ ಬಾಗಿಲ ಕಡೆ ನೋಡಬಾರದು. ಅಮಾಸೆಗೆ ಒಂದೇ ದಿನ ಉಳಿದಿತ್ತು. ಚಿಕ್ಕಪ್ಪನ ಬ್ಯಾಗು ಗೇರುಮರದ ಬುಡದಲ್ಲಿ, ಅವನ ಪಕ್ಕದಲ್ಲೇ ಇತ್ತು.

ಬೆಳಕು ಹಾಕಿದ್ಲು. ರೋಗದ್ದೇ ಅಂತ ಗೊತ್ತಿದ್ದ ಮಾದರಿಯ ಸಾಲು ಮಿಂಚಿತು. ನೀರಿನ ಸಾಲು ಕಪ್ಪು. ಮರಿಯ ಸಾಲುಗಳು, ಒಂದೊಂದಾಗಿ ನೋಡಿದ್ವಿ, ಕಪ್ಪು, ಕಪ್ಪು, ಕಪ್ಪು. ಎಂತದೂ ಇಲ್ಲದ್ದನ್ನ ನೋಡಿ ಅಷ್ಟು ಖುಷಿ ಪಟ್ಟದ್ದು ನಾನು ಅದೇ ಮೊದಲು.

"ಹೋಗು, ಈಗ ಹೇಳು" ಅಂದ್ಲು ಅಕ್ಕ. ನಾನು ಹೊರಗೆ ಹೋದೆ. ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ, ನನ್ನ ಹಿಂದೆ ಬರೋ ಅಕ್ಕನ ಮುಖ ನೋಡಿದ. "ನೀನೇ ಹೇಳೆ ಸುಜಾತಾ, ಬಿಡ್ಲಾ ಬೇಡ್ವಾ?"

"ಈ ರೋಗ ಇಲ್ಲ ಚಿಕ್ಕಪ್ಪ."

"ಬೇರೆ ರೋಗ?"

"ಅದನ್ನ ಇದು ಕೇಳೋದೇ ಇಲ್ಲ. ಒಂದೊಂದು ರೋಗಕ್ಕೆ ಒಂದೊಂದು ಪ್ರೈಮರ್."

ಚಿಕ್ಕಪ್ಪ, "ಆತು. ಕೇಳಿದ್ದಕ್ಕೆ ಉತ್ತರ ಸಿಕ್ತಲ್ಲ" ಅಂದು ಬ್ಯಾಗು ನನ್ನ ತಲೆ ಮೇಲೆ ಇಟ್ಟ. ಭರತಿಗೆ ನೀರು ತುಂಬಿಸಿ, ಮರಿ ಚೀಲಗಳನ್ನ ಕೆರೆಯಲ್ಲಿ ಒಂದೊಂದಾಗಿ ಬಿಚ್ಚಿದ.

ರೋಗ ಬರಲಿಲ್ಲ. ಶೆಟ್ಲಿ ಬೆರಳುದ್ದ ಆಯ್ತು. ಆಗ ಬಂದದ್ದು ನೀರುನಾಯಿ. ಹೊಳೆಯಿಂದ ಒಂದು ಇಡೀ ಸಂಸಾರ, ಗಂಡ ಹೆಂಡತಿ ಮಕ್ಕಳು ಸಮೇತ. ಸಂಜೆಯಾದ್ರೆ ಒಡ್ಡು ಹತ್ತಿ ಕೆರೆಗೆ ಇಳಿದು, ಮದುವೆಮನೆಯಲ್ಲಿ ಕೂತ ಹಾಗೆ ಸಾಲಾಗಿ ಕೂತು ತಿನ್ನೋವು. ಇದಕ್ಕೆ ಯಾವ ಪ್ರೈಮರ್ ಉಂಟು? ಚಿಕ್ಕಪ್ಪ ಡಬ್ಬ ಬಡಿದ, ಬೆದರುಗೊಂಬೆ ನಿಲ್ಲಿಸಿದ. ಗೊಂಬೆಯ ಅಂಗಿ ಮೇಲೆ ಮರಿ ನೀರುನಾಯಿ ಆಟ ಆಡ್ತು. ಕಡೆಗೆ ಅವನು ಅಂಗಳದಲ್ಲಿ ನನ್ನನ್ನೇ ದಿಟ್ಟಿಸಿ ನೋಡ್ತಾ, "ಏ ರೇಡಿಯೋ, ನಿನ್ನ ಬಾಯಿ ಸುಮ್ನೆ ಹಾಳಾಗ್ತಾ ಉಂಟಲ್ಲ" ಅಂದ.

ಹಾಗೆ ಕಾಲೇಜು ಮುಗಿಸಿ ಬಂದು, ಸೂರ್ಯ ಮುಳುಗೋ ತನಕ ಒಡ್ಡಿನ ಮೇಲೆ ಅತ್ತಿಂದಿತ್ತ ನಡೀತಾ ಗಟ್ಟಿಯಾಗಿ ಮಾತಾಡೋ ಕೆಲಸ ನಂಗೆ ಸಿಕ್ತು. ಎಂತ ಮಾತಾಡೋದು? "ಸಂಶೋಧನೆಯಲ್ಲಿ ಪ್ರೈಮರಿನ ಪಾತ್ರ" ಅಂತ ಒಂದು ಭಾಷಣ ತಯಾರು ಮಾಡಿದ್ದೆ, ಕಾಲೇಜಲ್ಲಿ ಅವಕಾಶ ಕೊಟ್ಟಿರಲಿಲ್ಲ, ಅದನ್ನೇ ಶುರು ಮಾಡಿದೆ. "ಮಾನ್ಯರೇ" ಅಂದ ಕೂಡ್ಲೇ ನೀರುನಾಯಿಯ ಯಜಮಾನ ತಲೆ ಎತ್ತಿದ. "ಡಿಎನ್‌ಎ ಎಂದರೆ" ಅನ್ನೋ ಹೊತ್ತಿಗೆ ಸಂಸಾರ ಸಮೇತ ಹೊಳೆ ಸೇರಿದ. ಎರಡನೇ ವಾರ ನೀರುಕಾಗೆಗಳೂ ಬರೋದು ನಿಲ್ಲಿಸಿದವು. ಲಲಿತಕ್ಕ ತನ್ನ ದನ ಮೇಯಿಸೋ ಜಾಗ ಬದಲಾಯಿಸಿದ್ಲು. ಚಿಕ್ಕಪ್ಪ ಈಗ ಬೋಟಿನ ಹೆಸರೇ ಎತ್ತೋದಿಲ್ಲ. ಬೆಳೆ ಅಷ್ಟು ಚೊಲೋ ಬಂತು. ಶೆಟ್ಲಿಗಳಿಗೆ ಮಾತ್ರ ಕೆರೆ ಬಿಟ್ಟು ಓಡೋಕೆ ದಾರಿ ಇರಲಿಲ್ಲ ನೋಡಿ. ನನ್ನ ಭಾಷಣವನ್ನ ದಿನಾ ಮೊದಲಿಂದ ಕೊನೆ ತನಕ ಕೂತು ಕೇಳಿದ ಸಭೆ ಅಂದ್ರೆ ಈ ಭೂಮಿ ಮೇಲೆ ಅದೊಂದೇ. ಅದನ್ನೂ ಚಿಕ್ಕಪ್ಪ ಬಲೆ ಹಾಕಿ ಎತ್ತಿ, ಐಸು ಸುರಿದು, ಲಾರಿ ಹತ್ತಿಸಿ ಕಳಿಸಿಬಿಟ್ಟ.